ನನ್ನ ಅರ್ಧದಲ್ಲಿ ಒಂದು ಮೇಕೆ

ಮಾರ್ಚ್ ೩, ಸೋಮವಾರ

ಇವತ್ತು ನನ್ನ ಮೇಜಿನ ಪಕ್ಕಕ್ಕೆ ಇನ್ನೂ ಎರಡು ಕುರ್ಚಿ ಬಂದವು. ಈಗ ನಾವು ಮೂವತ್ತೆಂಟು ಜನ. ಎಣಿಸಿದ್ದು ನಾನಲ್ಲ, ನೀರಿನ ಕ್ಯಾನ್ ಹಾಕುವವರು. "ಮೇಡಂ, ಇನ್ಮೇಲೆ ದಿನಕ್ಕೆ ಮೂರು ಕ್ಯಾನ್ ಬೇಕಾಗತ್ತೆ, ಈಗ್ಲೇ ಹೇಳಿದೀನಿ" ಎಂದರು.

ಹೊಸಬರ ಹೆಸರು ಕೇಳಿದೆ, ನಕ್ಕೆ, ಮರೆತೆ. ಮೊದಲೆಲ್ಲ ಹೀಗಿರಲಿಲ್ಲ ಎಂದು ಬರೆಯಲು ಹೊರಟೆ. ಆದರೆ ಮೊದಲು ಮರೆಯಲು ಅಷ್ಟು ಹೆಸರುಗಳೇ ಇರಲಿಲ್ಲ. ನಾಲ್ಕು ಜನ. ಹೊಲಿಗೆ ಮೆಷಿನ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆ. ಸ್ವಲ್ಪ ಎತ್ತಿ ತಳ್ಳಿದರೆ ಮಾತ್ರ ಮುಚ್ಚುವ ಬಾಗಿಲು.

ಮಧ್ಯಾಹ್ನ ಯಜಮಾನ ಗಾಜಿನ ಕೋಣೆಗೆ ಕರೆದ. ಆ ಹೆಸರು ಅವನಿಗೆ ಬಿದ್ದದ್ದು ಹಳೆಯ ಕೋಣೆಯಲ್ಲಿ, ಬಾಡಿಗೆ ಕರಾರಿಗೆ ಸಹಿ ಹಾಕಿದವನು ಅವನೊಬ್ಬನೇ ಎಂಬ ಕಾರಣಕ್ಕೆ. ಈಗ ನಿಜಕ್ಕೂ ಯಜಮಾನನಾಗಿದ್ದಾನೆ, ಆದ್ದರಿಂದ ನನ್ನನ್ನು ಬಿಟ್ಟು ಯಾರೂ ಹಾಗೆ ಕರೆಯುವುದಿಲ್ಲ.

"ಇಪ್ಪತ್ತೊಂಬತ್ತಕ್ಕೆ ಡೆವಲಪರ್ ಸಮಾವೇಶ. ಆರುನೂರು ಜನ ಬರ್ತಾರೆ. ಇಪ್ಪತ್ತು ನಿಮಿಷ ನೀನು ನಮ್ಮ ಕಥೆ ಹೇಳು. ಆಮೇಲೆ ವೇದಿಕೆ ಮೇಲೇ ಸಹಿ ಹಾಕಿ ನಮ್ಮ ರಿಜಿಸ್ಟರಿನ ಹೊಸ ನೆಟ್‌ವರ್ಕ್ ಶುರು ಮಾಡೋಣ."

"ನಾನ್ಯಾಕೆ? ಪ್ರಚಾರದವರು ಇದಾರಲ್ಲ."

"ಹಳಬರು ಅಂತ ನನ್ನ ಬಿಟ್ರೆ ಉಳಿದಿರೋದು ನೀನೊಬ್ಬಳೇ ತಾನೆ. ನಾನು ಹೇಳಿದ್ರೆ ಜಾಹೀರಾತು ಅನ್ಸತ್ತೆ."

ಹಳಬಳು. ನಲವತ್ತಾರಕ್ಕೆ ಒಂದು ಪದವಿ ಸಿಕ್ಕಂತಾಯಿತು.

(ಇದರ ಮುಂದಿನ ಮೂರು ಸಾಲು ಹೊಡೆದು ಹಾಕಿದ್ದೇನೆ. ಕನಿಕರ ಬೇಡುವ ಹಾಗಿತ್ತು.)

ಮಾರ್ಚ್ ೬, ಗುರುವಾರ

ಭಾಷಣದ ಅಭ್ಯಾಸವನ್ನು ಅತ್ತೆಯ ಮುಂದೆ ಮಾಡಿದೆ. ಅವರು ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ಈಗಲೂ ಔಷಧಿ ಡಬ್ಬಿಯ ಮೇಲೆ ತಪ್ಪು ಕಂಡರೆ ಪೆನ್ಸಿಲ್ ಹುಡುಕುತ್ತಾರೆ.

"ನಾವು ನಡೆಸೋದು ಪ್ರಮಾಣಪತ್ರಗಳ ಒಂದು ದೊಡ್ಡ ರಿಜಿಸ್ಟರ್ ಅಂದ್ಕೊಳ್ಳಿ ಅತ್ತೆ. ಯಾರು ಏನು ಕಲಿತರು, ಯಾವಾಗ ಪಾಸಾದರು, ಎಲ್ಲ ಅದರಲ್ಲಿ ಬರೆದಿರತ್ತೆ. ಪ್ರತಿ ಪುಟಾನೂ ಹಿಂದಿನ ಪುಟಕ್ಕೆ ಹೊಲಿದಿರತ್ತೆ. ಅದರ ನಕಲು ಎಷ್ಟೋ ಕಂಪ್ಯೂಟರ್‌ಗಳಲ್ಲಿ ಇರತ್ತೆ, ಹೊಸ ನೆಟ್‌ವರ್ಕಲ್ಲಿ ಹೊರಗಿನವರ ಹತ್ರಾನೂ. ಒಂದು ಪುಟ ಕಿತ್ರೆ ಎಲ್ಲರಿಗೂ ಗೊತ್ತಾಗತ್ತೆ."

"ತಪ್ಪು ಬರೆದುಬಿಟ್ರೆ?"

"ಅಳಿಸೋ ಹಾಗಿಲ್ಲ. ಕೆಳಗೆ ತಿದ್ದುಪಡಿ ಬರೀಬೇಕು."

"ಅಷ್ಟೇ ತಾನೆ. ನಾವು ಜೀವಮಾನವೆಲ್ಲ ಮಾಡಿದ್ದು ಅದನ್ನೇ. ಪುಸ್ತಕದ ಕೊನೆಗೆ ತಪ್ಪು-ಒಪ್ಪು ಪಟ್ಟಿ. ಅದಕ್ಕೆ ನಾನೊಬ್ಬಳು, ಒಂದು ಗೋಂದಿನ ಡಬ್ಬಿ ಇದ್ದರೆ ಸಾಕಾಗ್ತಿತ್ತು. ನಿಮಗೆ ಮೂವತ್ತೆಂಟು ಜನ ಬೇಕಾ?"

ನಗು ತಡೆಯಲಾಗಲಿಲ್ಲ. ಇದನ್ನೇ ಭಾಷಣಕ್ಕೆ ಹಾಕಿಕೊಳ್ಳಬಹುದು.

ಪ್ರಚಾರದವರು ಕಳಿಸಿದ ಸ್ಲೈಡುಗಳಲ್ಲಿ ಏಳನೆಯದು ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರ: "ಏಳು ವರ್ಷ. ಒಂದು ಸಾಲೂ ಅಳಿಸಿಲ್ಲ." ತುಂಬ ಹೊತ್ತು ನೋಡಿದೆ. ಚೆನ್ನಾಗಿದೆ ಎಂದು ಉತ್ತರ ಬರೆದೆ.

ಮಾರ್ಚ್ ೭, ಶುಕ್ರವಾರ

ಕಥೆ ಹೇಳಬೇಕೆಂದರೆ ಮೊದಲು ನೆನಪು ಮಾಡಿಕೊಳ್ಳಬೇಕು. ಬೆಳಿಗ್ಗೆಯಿಂದ ಅದೇ ಕೆಲಸ. ಕೆಲಸವೆಂದು ಹೇಳಲು ನಾಚಿಕೆ, ಅಷ್ಟು ಸುಖವಾಗಿತ್ತು.

ಆ ಕೋಣೆಗೆ ಒಂದೇ ಕಿಟಕಿ. ಕೆಳಗಿನ ಅಂಗಡಿಯಲ್ಲಿ ರಿಪೇರಿಯಾದ ಮೆಷಿನ್ನನ್ನು ಪರೀಕ್ಷಿಸಲು ಓಡಿಸಿದಾಗಲೆಲ್ಲ ನಮ್ಮ ನೆಲ ಸಣ್ಣಗೆ ನಡುಗುತ್ತಿತ್ತು, ಟೀ ಲೋಟದಲ್ಲಿ ಉಂಗುರ ಏಳುತ್ತಿದ್ದವು. ಯಜಮಾನ ಫೋನಿನಲ್ಲಿ ಯಾರೊಂದಿಗೋ ದೊಡ್ಡ ಮಾತಾಡುವಾಗಲೇ ಅದು ಶುರುವಾಗುತ್ತಿತ್ತು. "ಅದು ನಮ್ಮ ಸರ್ವರ್ ಸದ್ದು" ಎಂದು ಅವರಿಗೆ ಹೇಳುತ್ತಿದ್ದ. ಗುಬ್ಬಿ ಮೇಜಿನ ಕೆಳಗೆ ತಲೆ ಹಾಕಿ ನಗುತ್ತಿದ್ದಳು. ಗುಬ್ಬಿ ಕಂಪ್ಯೂಟರ್ ಪರದೆಗಳ ವಿನ್ಯಾಸ ಮಾಡುತ್ತಿದ್ದವಳು, ನಮ್ಮೆಲ್ಲರಿಗಿಂತ ಚಿಕ್ಕವಳು. ಈಗ ಬೇರೆ ದೇಶದಲ್ಲಿದ್ದಾಳೆ, ಅವಳಿ ಮಕ್ಕಳ ತಾಯಿ.

ನಾಲ್ಕನೆಯವರು ಮೇಷ್ಟ್ರು. ಗಣಿತ ಕಲಿಸುತ್ತಿದ್ದವರು. ನಮ್ಮ ಇಡೀ ವ್ಯವಸ್ಥೆಯ ನಿಯಮಗಳನ್ನು ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಅಂಗಿಯ ತೋಳಿನಲ್ಲಿ ಒರೆಸಿ, ಮತ್ತೆ ಬರೆದವರು. ನಾಲ್ವರಿಗೂ ಸೇರಿ ಇದ್ದದ್ದು ಒಂದೇ ಕೊಡೆ, ಅದು ಅವರದ್ದು. ಅದರ ಒಂದು ಕಡ್ಡಿ ಮುರಿದಿತ್ತು. ಮುರಿದ ಕಡ್ಡಿಯ ಕಡೆ ಯಾರು ನಡೆಯಬೇಕೆಂದು ದಿನವೂ ಚೀಟಿ ಎತ್ತುತ್ತಿದ್ದೆವು.

ಕೀಲಿಗಳ ವ್ಯವಸ್ಥೆಯೂ ಅವರದ್ದೇ. ರಿಜಿಸ್ಟರಿನ ನಿಯಮ ಬದಲಿಸಲು ನಾಲ್ಕು ಕೀಲಿಗಳಲ್ಲಿ ಮೂರರ ಸಹಿ ಬೇಕು. ಪ್ರತಿಯೊಬ್ಬರ ಕೀಲಿ, ಅಂದರೆ ಸಹಿ ಹಾಕಲು ಬೇಕಾದ ಒಂದು ಉದ್ದನೆಯ ಗುಟ್ಟಿನ ಸಂಖ್ಯೆ, ಅವರವರ ಲ್ಯಾಪ್‌ಟಾಪಿನಲ್ಲಿ. ಲ್ಯಾಪ್‌ಟಾಪ್ ಕೆಟ್ಟರೆ ಕೀಲಿಯನ್ನು ಮತ್ತೆ ಕಟ್ಟಿಕೊಳ್ಳಲು ಇಪ್ಪತ್ತನಾಲ್ಕು ಇಂಗ್ಲಿಷ್ ಪದಗಳು. ಬೇರೆ ಕಡೆ ಎಲ್ಲರೂ ಆ ಪದಗಳನ್ನು ಲಾಕರಿನಲ್ಲಿಡುತ್ತಾರೆ. ಮೇಷ್ಟ್ರು ಹೇಳಿದರು: "ಅರ್ಧ ನೀವು ಇಟ್ಕೊಳ್ಳಿ, ಅರ್ಧ ಪಕ್ಕದವರಿಗೆ ಕೊಡಿ. ಕೊಟ್ಟಿದ್ದನ್ನ ನೀವು ಮರೀಬೇಕು. ಆಗ ಯಾರೂ ಯಾರಿಗೂ ಹೇಳ್ದೆ ಬಿಟ್ಟು ಹೋಗೋಕಾಗಲ್ಲ." ಗುಬ್ಬಿ ಮತ್ತು ಯಜಮಾನ ಒಂದು ಜೋಡಿ. ನಾನು ಮತ್ತು ಮೇಷ್ಟ್ರು ಇನ್ನೊಂದು.

ನನ್ನ ಹನ್ನೆರಡು ಪದಗಳನ್ನು ಅವರು ಒಂದು ಕಥೆ ಕಟ್ಟಿ ಬಾಯಿಪಾಠ ಮಾಡಿಕೊಂಡಿದ್ದರು. ಕಥೆ ಏನೆಂದು ಹೇಳುತ್ತಿರಲಿಲ್ಲ. "ನಿಮ್ಮ ಅರ್ಧದಲ್ಲಿ ಒಂದು ಮೇಕೆ ಇದೆ" ಎಂದಷ್ಟೇ. ದಿನಾ ಟೀ ಹೊತ್ತಿಗೆ ನಾನು ಕೇಳುತ್ತಿದ್ದೆ, "ಮೇಷ್ಟ್ರೇ, ನನ್ನ ಮೇಕೆ ಹೇಗಿದೆ?" "ಕ್ಷೇಮ ತಾಯಿ. ಬೆಳಿಗ್ಗೆ ಸ್ವಲ್ಪ ಮೇಯ್ತು."

ಮಾರ್ಚ್ ೧೧, ಮಂಗಳವಾರ

ನನ್ನ ಲ್ಯಾಪ್‌ಟಾಪ್ ಇಲ್ಲ.

ಸಹಿಯ ಮೊದಲ ರಿಹರ್ಸಲ್ ಇವತ್ತು. ಹಳೆಯ ಲ್ಯಾಪ್‌ಟಾಪನ್ನು ತರಲು ಕಪಾಟು ತೆಗೆದೆ. ಕೊನೆಯ ಸಲ ಅದನ್ನು ತೆಗೆದದ್ದು ಒಂದು ವರ್ಷದ ಹಿಂದೆ. ಕಪಾಟಿನಲ್ಲಿ ಬ್ಯಾನರ್‌ಗಳು, ಹೊಸ ಟೀ ಶರ್ಟಿನ ಪೆಟ್ಟಿಗೆಗಳು. ಆಡಳಿತ ವಿಭಾಗದವರನ್ನು ಕೇಳಿದೆ. ಕಚೇರಿ ಬದಲಾಯಿಸುವಾಗ ಹಳೆಯ ಯಂತ್ರಗಳಲ್ಲಿದ್ದದ್ದನ್ನೆಲ್ಲ ಅಳಿಸಿ ಗುಜರಿಗೆ ಕೊಟ್ಟೆವು ಎಂದರು. ಪಟ್ಟಿ ತೋರಿಸಿದರು. ಹದಿಮೂರು ಯಂತ್ರ, ನನ್ನದು ಒಂಬತ್ತನೆಯದು. ಕೆಳಗೆ ಒಪ್ಪಿಗೆಯ ಸಹಿ.

ಸಹಿ ನನ್ನದೇ. ನಾನು ಓದದೆ ಸಹಿ ಹಾಕುವವಳಾಗಿದ್ದೇನೆ. ಯಾವಾಗಿನಿಂದ?

ಯಜಮಾನನಿಗೆ ತಲೆನೋವೆಂದು ಹೇಳಿ ಮನೆಗೆ ಬಂದೆ.

ಮಾರ್ಚ್ ೧೨, ಬುಧವಾರ

ಸುಮ್ಮನೆ ಗಾಬರಿಯಾಗುವುದಕ್ಕಿಂತ ಬರೆದು ನೋಡುವುದು ಮೇಲು.

ಯಜಮಾನನ ಕೀಲಿ ಇದೆ. ಗುಬ್ಬಿಯ ಕೀಲಿ ಇದೆ, ಅವಳು ಅಲ್ಲಿಂದಲೇ ಸಹಿ ಹಾಕುತ್ತಾಳೆ. ಹೊರಡುವ ಮುನ್ನ ಅವಳೂ ಯಜಮಾನನೂ ಅರ್ಧಗಳನ್ನು ವಾಪಸು ಮಾಡಿಕೊಂಡರು. ಮೂರನೆಯದು ನನ್ನದಾಗಬೇಕು, ಇಲ್ಲವೇ ಮೇಷ್ಟ್ರದ್ದು. ಅವರ ಲ್ಯಾಪ್‌ಟಾಪನ್ನು ಅವರು ಹೋದ ದಿನವೇ ಅಳಿಸಿ ಖಾಲಿ ಮಾಡಿದೆವು. ಅವರ ಅರ್ಧ ನನ್ನಲ್ಲಿದೆ, ಅತ್ತೆಯ ನಿಘಂಟಿನೊಳಗೆ. ನನ್ನ ಅರ್ಧ ಅವರಲ್ಲಿದೆ. ನಾನಿಲ್ಲದೆ ಅವರಿಲ್ಲ, ಅವರಿಲ್ಲದೆ ನಾನಿಲ್ಲ. ಕಳೆದ ಕೀಲಿಯ ಬದಲು ಹೊಸದು ಮಾಡಲೂ ಮೂರು ಸಹಿ ಬೇಕು.

ಅಂದರೆ ಇಪ್ಪತ್ತೊಂಬತ್ತರಂದು ಆರುನೂರು ಜನರ ಮುಂದೆ ಎರಡು ಸಹಿ ಬೀಳುತ್ತವೆ, ಪರದೆ ಮೂರನೆಯದಕ್ಕೆ ಕಾಯುತ್ತ ನಿಲ್ಲುತ್ತದೆ.

ಕಚೇರಿಯ ದಾಖಲೆಯಲ್ಲಿ "ಕೀಲಿ ೨: ಸುರಕ್ಷಿತ" ಎಂದಿದೆ. ಅದು ನನ್ನ ಕೀಲಿ, ಬರೆದದ್ದೂ ನಾನೇ.

ಮೇಷ್ಟ್ರ ಹತ್ತಿರ ಮಾತಾಡಿ ಎರಡು ವರ್ಷ ನಾಲ್ಕು ತಿಂಗಳಾಯಿತು.

ಮಾರ್ಚ್ ೧೫, ಶನಿವಾರ

ಅವರು ಹೋದದ್ದರ ಕಥೆ ಭಾಷಣದಲ್ಲಿಲ್ಲ. ಇಲ್ಲಾದರೂ ಇರಲಿ.

ನಮ್ಮ ಮೊದಲ ದೊಡ್ಡ ಗ್ರಾಹಕರು ಒಂದು ತರಬೇತಿ ಸಂಸ್ಥೆ. ಅವರ ಗುಮಾಸ್ತರು ಫಲಿತಾಂಶದ ಹಾಳೆಯಲ್ಲಿ ಒಂದು ಅಂಕಣ ಜಾರಿಸಿಬಿಟ್ಟರು. ಪಾಸಾಗಿದ್ದ ನಲವತ್ತೊಂದು ಜನ ನಮ್ಮ ರಿಜಿಸ್ಟರಿನಲ್ಲಿ ಅನುತ್ತೀರ್ಣರಾದರು. ಗೊತ್ತಾಗುವಷ್ಟರಲ್ಲಿ ನಾಲ್ಕು ಗಂಟೆ ಕಳೆದಿತ್ತು. ಕೆಳಗೆ ತಿದ್ದುಪಡಿ ಬರೆಯುತ್ತೇವೆ ಎಂದೆವು. ಸಂಸ್ಥೆಯವರು ಒಪ್ಪಲಿಲ್ಲ. "ಅಳಿಸಿ, ಇಲ್ಲದಿದ್ರೆ ನಾವು ಬೇರೆ ಕಡೆ ನೋಡ್ಕೋತೀವಿ."

ಆಗ ಎಲ್ಲ ನಕಲುಗಳೂ ನಮ್ಮ ಯಂತ್ರಗಳಲ್ಲೇ ಇದ್ದವು. ಮೂರು ಸಹಿ ಬಿದ್ದರೆ ರಿಜಿಸ್ಟರನ್ನು ನಾಲ್ಕು ಗಂಟೆ ಹಿಂದಕ್ಕೆ ತಿರುಗಿಸಬಹುದಿತ್ತು.

ಮೇಷ್ಟ್ರು ಬೇಡ ಎಂದರು. "ಅಳಿಸೋಕೆ ಬರತ್ತೆ ಅಂತ ಒಂದ್ಸಲ ಗೊತ್ತಾದ್ರೆ ಕೈ ಸುಮ್ನೆ ಇರಲ್ಲ." ಯಜಮಾನ ಸಹಿ ಹಾಕಿದ, ಗುಬ್ಬಿ ಹಾಕಿದಳು. ಇಬ್ಬರೂ ನನ್ನನ್ನು ನೋಡಿದರು. ಮೇಷ್ಟ್ರು ನೋಡಲಿಲ್ಲ, ಹಲಗೆ ಒರೆಸುತ್ತಿದ್ದರು. ನಾನು ಹಾಕಿದೆ.

ಆ ನಾಲ್ಕು ಗಂಟೆ ಇರಲೇ ಇಲ್ಲ ಎಂಬಂತಾಯಿತು. ಒಂದು ಟಿಪ್ಪಣಿಯನ್ನೂ ಬರೆದಿಡಲಿಲ್ಲ. ಮಾರನೆಯ ದಿನ ನಾನೇ ಟೀ ಮಾಡಿದೆ, ಮಾತಾಡಿಸಲು ನೋಡಿದೆ. ಅವರೇ ಮುಖ ತಿರುಗಿಸಿದರು. ಮಧ್ಯಾಹ್ನ ಎದ್ದು ಹೋದವರು ಮತ್ತೆ ಬರಲಿಲ್ಲ. ಜೋರು ಮಳೆ. ಕೊಡೆ ಬಾಗಿಲ ಹಿಂದೆಯೇ ಉಳಿಯಿತು. ಅದೀಗ ನನ್ನ ಮನೆಯಲ್ಲಿದೆ.

ನಾನು ಮಾಡಿದ್ದು ಸರಿ. ನಲವತ್ತೊಂದು ಜನರ ಭವಿಷ್ಯ.

(ಕೊನೆಯ ಸಾಲು ಹೊಡೆದು ಹಾಕಿ ಮತ್ತೆ ಬರೆದೆ. ಎರಡು ಸಲ.)

ಮಾರ್ಚ್ ೧೮, ಮಂಗಳವಾರ

ಬ್ಯಾಂಕಿನಿಂದ ಬಂದು ಸೇರಿದವಳೊಬ್ಬಳಿದ್ದಾಳೆ, ಭದ್ರತೆ ನೋಡಿಕೊಳ್ಳುವವಳು. ಪ್ರತಿಯೊಂದಕ್ಕೂ ಯಾಕೆ ಎಂದು ಕೇಳುತ್ತಾಳಾದ್ದರಿಂದ ಎಲ್ಲರೂ ಅವಳನ್ನು ಯಾಕಮ್ಮ ಎನ್ನುತ್ತಾರೆ. ಅವಳಿಗೂ ಗೊತ್ತು. ಇವತ್ತು ಮೇಜಿನ ಹತ್ತಿರ ಬಂದು ನಿಂತಳು.

"ಮೇಡಂ, ಎರಡು ರಿಹರ್ಸಲ್ ಆಯ್ತು. ಕೀಲಿ ಎರಡು ಯಾಕೆ ಬಂದಿಲ್ಲ?"

"ಬರತ್ತೆ."

"ಯಾವಾಗ?"

"ಬರತ್ತಮ್ಮ, ಅದೇನು ಬಸ್ಸಾ?"

ಅವಳು ನಗಲಿಲ್ಲ, ಪುಸ್ತಕದಲ್ಲಿ ಏನೋ ಗುರುತು ಮಾಡಿಕೊಂಡಳು. ಅವಳ ಮೇಲೆ ಸಿಟ್ಟು ಬಂತು. ನಾನು ಹೊಸಬಳಾಗಿದ್ದರೆ ಇದನ್ನೇ ಕೇಳುತ್ತಿದ್ದೆ ಎಂಬುದಕ್ಕೆ ಇನ್ನೂ ಸಿಟ್ಟು.

ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ಕೂತು ಮೇಷ್ಟ್ರ ನಂಬರು ಒತ್ತಿದೆ.

"ಮೇಷ್ಟ್ರೇ, ನಾನು."

ಅತ್ತ ಕಡೆ ಯಾರೋ ಬಾಗಿಲು ಮುಚ್ಚಿದ ಸದ್ದು.

"ಹೇಳಿ."

"ನಿಮ್ಮ ಕೊಡೆ ನನ್ನ ಹತ್ರ ಉಳಿದಿತ್ತು. ಕೊಟ್ಟು ಹೋಗೋಣ ಅಂತ."

"ಎರಡು ವರ್ಷ ಆದ್ಮೇಲೆ ನೆನಪಾಯ್ತಾ?"

"ಮಳೆ ಬರೋ ಹಾಗಿದೆ."

"ಹೊರಗೆ ಬೆಂಕಿ ಬಿಸಿಲು ತಾಯಿ." ಆಮೇಲೆ, "ಗುರುವಾರ ಮೂರು ಗಂಟೆಗೆ ಬನ್ನಿ. ಕಾಲೇಜಿನ ವಿಳಾಸ ಕಳಿಸ್ತೀನಿ" ಎಂದರು.

ತಾಯಿ ಎಂದರು. ಅಭ್ಯಾಸಬಲ ಇರಬಹುದು.

ಮಾರ್ಚ್ ೨೦, ಗುರುವಾರ

ಮೇಷ್ಟ್ರು ಈಗ ನರ್ಸಿಂಗ್ ಕಾಲೇಜಿನಲ್ಲಿದ್ದಾರೆ. ಔಷಧಿಯ ಪ್ರಮಾಣ ಲೆಕ್ಕ ಹಾಕುವುದನ್ನು ಕಲಿಸುತ್ತಾರೆ. ಇಷ್ಟು ತೂಕದ ಮಗುವಿಗೆ ಎಷ್ಟು ಹನಿ, ಎಷ್ಟು ಹೊತ್ತಿಗೆ. ಖಾಲಿ ಇದ್ದ ಅಭ್ಯಾಸದ ವಾರ್ಡಿಗೆ ಕರೆದುಕೊಂಡು ಹೋದರು. ಆರು ಮಂಚ, ಒಂದರಲ್ಲಿ ಪ್ಲಾಸ್ಟಿಕ್ಕಿನ ರೋಗಿ, ಎದೆಯವರೆಗೆ ಹೊದಿಕೆ. ನಾವು ಅವನ ಎರಡೂ ಕಡೆ ಸ್ಟೂಲು ಹಾಕಿಕೊಂಡು ಕೂತೆವು, ನೋಡಲು ಬಂದ ನೆಂಟರ ಹಾಗೆ. ಕೊಡೆಯನ್ನು ಮಂಚಕ್ಕೆ ಒರಗಿಸಿದೆ.

ಮೇಷ್ಟ್ರ ಕೂದಲು ಪೂರ್ತಿ ಬೆಳ್ಳಗಾಗಿದೆ. ಅಂಗಿಯ ತೋಳಿನಲ್ಲಿ ಸುಣ್ಣದ ಪುಡಿ ಹಾಗೇ ಇದೆ.

"ಸಂಕೋಚ ಬೇಡ, ಇವರ ಮುಂದೆ ಹೇಳಬಹುದು. ಇಲ್ಲೀವರೆಗೆ ಒಂದು ಗುಟ್ಟೂ ಬಿಟ್ಟುಕೊಟ್ಟಿಲ್ಲ" ಎಂದು ರೋಗಿಯ ಕೈ ತಟ್ಟಿದರು.

ಹೇಳಿದೆ. ಗುಜರಿಯ ಪಟ್ಟಿ, ಓದದೆ ಹಾಕಿದ ಸಹಿ, ಇಪ್ಪತ್ತೊಂಬತ್ತನೇ ತಾರೀಖು. ನಿಘಂಟಿನಿಂದ ತಂದಿದ್ದ ಅವರ ಚೀಟಿಯನ್ನು ಮೊದಲು ಅವರ ಕೈಗಿಟ್ಟೆ. ಬಿಡಿಸದೆ ಜೇಬಿಗೆ ಹಾಕಿಕೊಂಡರು. ಅವರ ಕೀಲಿಯ ಸಹಿ ಕೇಳುವ ಮುಖ ನನಗಿರಲಿಲ್ಲ, ನನ್ನ ಅರ್ಧವನ್ನಷ್ಟೇ ಕೇಳಿದೆ.

"ನಿಮ್ಮ ಚೀಟಿ ಇಲ್ಲ" ಎಂದರು. "ಹೋದ ದಿನವೇ ಹರಿದು ಹಾಕಿದೆ. ಬಸ್ ಸ್ಟಾಪಲ್ಲಿ ನಿಂತು, ಸಣ್ಣ ಸಣ್ಣ ಚೂರು ಮಾಡಿ."

ರೋಗಿಯ ಹೊದಿಕೆಯ ಮಡಿಕೆ ಸರಿಮಾಡಿದೆ.

"ಈ ಕಾಲೇಜಲ್ಲಿ ಆ ನಲವತ್ತೊಂದರಲ್ಲಿ ಒಬ್ಬಳಿದಾಳೆ. ಹಿಂದಿನ ಬೆಂಚು. ಲೆಕ್ಕದಲ್ಲಿ ಗಟ್ಟಿ. ಆ ಸರ್ಟಿಫಿಕೇಟು ಹಿಡ್ಕೊಂಡೇ ಇಲ್ಲಿ ಸೀಟು ಕೇಳಿದ್ದು. ನನ್ನ ಮಾತು ನಡೆದಿದ್ರೆ ಅವಳ ಹೆಸರಿನ ಮುಂದೆ ಅನುತ್ತೀರ್ಣ ಅಂತ ಒಂದು ಸಾಲು ಕೊನೇವರೆಗೂ ಇರ್ತಿತ್ತು. ಕೆಳಗೆ ತಿದ್ದುಪಡಿ ಇರ್ತಿತ್ತು, ಸರಿ. ಕೆಳಗಡೆ ತನಕ ಓದೋರು ಯಾರು?"

"ಹಾಗಾದ್ರೆ ನಾನು ಮಾಡಿದ್ದು ಸರಿನಾ ಮೇಷ್ಟ್ರೇ?"

"ನಂಗೆ ಗೊತ್ತಿಲ್ಲ. ಎರಡು ವರ್ಷದಿಂದ ಯೋಚನೆ ಮಾಡ್ತಿದೀನಿ." ಸ್ಟೂಲನ್ನು ಹತ್ತಿರ ಎಳೆದುಕೊಂಡರು. "ಅಳಿಸಿದ್ದಕ್ಕೆ ಕೋಪ ಬಂದಿದ್ದು ನಿಜ. ಹೋಗಿದ್ದು ಅದಕ್ಕಲ್ಲ. ಮಾರನೇ ದಿನ ನೀವು ಟೀ ತಂದಿಟ್ಟು, ನನ್ನ ಮುಖಾನೂ ನೋಡ್ದೆ, ಸಕ್ಕರೆ ಜಾಸ್ತಿ ಆಯ್ತಾ ಅಂತ ಕೇಳಿದ್ರಿ. ಏನೂ ಆಗೇ ಇಲ್ಲ ಅನ್ನೋ ಹಾಗೆ. ರಿಜಿಸ್ಟರಲ್ಲಿ ಅಳಿಸಿದ್ದು ಸಾಲದು ಅಂತ ನನ್ನ ಎದುರಿಗೂ ಅಳಿಸಿದ್ರಿ."

ಹದಿನೈದರಂದು ಬರೆದದ್ದರಲ್ಲಿ ಒಂದು ತಪ್ಪಿದೆ. ಮುಖ ತಿರುಗಿಸಿದವರು ಅವರಲ್ಲ.

"ತಪ್ಪಾಯ್ತು ಮೇಷ್ಟ್ರೇ" ಎಂದೆ. ಮಾತಾಡಿ ಅಭ್ಯಾಸವಿರುವ ನನಗೆ ಅಷ್ಟೇ ಬಂತು.

ಅವರು ಕನ್ನಡಕ ತೆಗೆದು ತೋಳಿಗೆ ಒರೆಸಿದರು, ಸುಣ್ಣ ಇನ್ನಷ್ಟು ಹತ್ತಿತು. "ಚೀಟಿ ಹರಿದೆ ಅಂದೆ. ಮೇಕೆ ಎಲ್ಲಿಗೆ ಹೋಗತ್ತೆ? ಎಷ್ಟು ಸಲ ಮರೆಯೋಕೆ ನೋಡ್ದೆ, ಅದು ಮತ್ತೆ ಬಂದು ಬಾಗಿಲು ತಟ್ಟತ್ತೆ. ಪೆನ್ನು ತಗೊಳ್ಳಿ."

ತರಗತಿಯಲ್ಲಿ ಹೇಳಿ ಬರೆಸುವ ಧ್ವನಿಯಲ್ಲಿ ನನ್ನದೇ ಪದಗಳನ್ನು ನನಗೆ ಹೇಳಿಕೊಟ್ಟರು. ಕಥೆಯನ್ನು ಇಲ್ಲಿ ಬರೆಯುವ ಹಾಗಿಲ್ಲ. ಎಂಟು ಪದ ಸರಾಗವಾಗಿ ಬಂದವು. ಒಂಬತ್ತರಲ್ಲಿ ನಿಂತರು. ಹತ್ತು, ಹನ್ನೊಂದು, ಹನ್ನೆರಡು ಮತ್ತೆ ಸರಿ.

"ಒಂಬತ್ತನೇದು ಏನೋ ಇದೆ. ಎಲ್ಲರೂ ಅದರ ಕೆಳಗೆ ಸೇರ್ತಾರೆ. ಅದರ ಕೆಳಗೆ... ಮರನಾ? ಅಲ್ಲ."

"ಮೇಜು?"

"ಅಲ್ಲ ಅಲ್ಲ. ಚಿಕ್ಕದು. ಎಲ್ಲರಿಗೂ ಸಾಲಲ್ಲ. ಅದಕ್ಕೇ ಜಗಳ ಆಗತ್ತೆ."

ಒಂದು ಗಂಟೆ ಹುಡುಕಿದೆವು. ಕಥೆಯನ್ನು ಮೊದಲಿಂದ, ಕೊನೆಯಿಂದ ಹೇಳಿ ನೋಡಿದರು. ಗಂಟೆ ಹೊಡೆಯಿತು, ಹುಡುಗಿಯರು ಬಂದರು. "ಹನ್ನೊಂದಿದೆಯಲ್ಲ, ಒಂದಕ್ಕೆ ಏನಾದ್ರೂ ಮಾಡಿ" ಎಂದು ಎದ್ದರು. ಬಾಗಿಲಿನವರೆಗೆ ಬಂದು ಹೇಳಿದರು: "ಬಂದಿದ್ದು ಒಳ್ಳೇದಾಯ್ತು ತಾಯಿ. ಮೇಕೆ ನೋಡ್ಕೊಳ್ಳೋದು ನಂಗೂ ಸಾಕಾಗಿತ್ತು."

ಮಾರ್ಚ್ ೨೧, ಶುಕ್ರವಾರ

ಒಂದು ಪದವೇ ಗೊತ್ತಿಲ್ಲದಿದ್ದರೆ ದಾರಿ ಇದೆ. ಆ ಪದಗಳನ್ನು ಆರಿಸುವ ಪಟ್ಟಿಯಲ್ಲಿರುವುದು ಒಟ್ಟು ಎರಡು ಸಾವಿರದ ನಲವತ್ತೆಂಟು. ಒಂದೊಂದನ್ನೇ ಆ ಜಾಗದಲ್ಲಿಟ್ಟು ನೋಡಿದರೆ ಯಾವುದಾದರೊಂದು ನನ್ನ ಕೀಲಿಗೆ ಕೂಡಲೇಬೇಕು. ನಾನೇ ಪ್ರೋಗ್ರಾಂ ಬರೆಯಲು ಕೂತೆ. ಐದು ವರ್ಷದಿಂದ ಮೀಟಿಂಗು, ಪತ್ರ, ಸಹಿ. ಕೈ ಮರೆತಿದೆ. ಹತ್ತು ಗಂಟೆಗೆ ಕೂತವಳು ಹನ್ನೆರಡಾದರೂ ಮೊದಲನೆಯ ತಪ್ಪನ್ನೇ ದಾಟಿರಲಿಲ್ಲ.

ಇದನ್ನು ಇನ್ನೊಬ್ಬರಿಗೆ ತೋರಿಸುವುದೆಂದರೆ ಇಪ್ಪತ್ತಮೂರು ಪದಗಳನ್ನೂ ತೋರಿಸಿದಂತೆ. ಯಾರಿಗೂ ಅಷ್ಟು ಕೊಟ್ಟಿಲ್ಲ, ಮೇಷ್ಟ್ರಿಗೂ ಅರ್ಧವೇ.

ಯಾಕಮ್ಮನನ್ನು ಚಿಕ್ಕ ಕೋಣೆಗೆ ಕರೆದು ಬಾಗಿಲು ಹಾಕಿದೆ. ಎಲ್ಲ ಹೇಳಿದೆ. ಸುಳ್ಳು ಹೇಳಿದ್ದನ್ನೂ.

"ಇದನ್ನ ಯಾಕೆ ನಂಗೆ ಹೇಳ್ತಿದೀರಾ ಮೇಡಂ?"

"ನೀನೊಬ್ಬಳೇ ಕೇಳಿದ್ದು."

ಅವಳು ನೆಟ್‌ವರ್ಕಿಗೆ ಸೇರದ ಒಂದು ಲ್ಯಾಪ್‌ಟಾಪ್ ತಂದಳು. ನನ್ನ ಪ್ರೋಗ್ರಾಂ ಓದಿ, "ಅಯ್ಯೋ, ಇದು ಯಾವ ಕಾಲದ್ದು" ಎಂದು ನಾಲಿಗೆ ಕಚ್ಚಿಕೊಂಡಳು. ಹತ್ತೇ ನಿಮಿಷದಲ್ಲಿ ಬರೆದು ಮುಗಿಸಿದಳು. ಓಡಿಸಿದಳು. ಒಂದು ನಿಮಿಷವೂ ಹಿಡಿಯಲಿಲ್ಲ. ಪರದೆಯ ಮೇಲೆ ಪದ ಬಂತು.

ನಾನು ನಗತೊಡಗಿದೆ. ಅವಳು ಗಾಬರಿಯಾದಳು. ನಿಲ್ಲಿಸಲಾಗಲಿಲ್ಲ, ಕಣ್ಣಲ್ಲಿ ನೀರು. ನಿನ್ನೆ ಅಷ್ಟು ಹೊತ್ತೂ ಅದು ನಮ್ಮ ಮುಂದೆಯೇ ಇತ್ತು.

"ಏನಾಯ್ತಕ್ಕಾ?"

ಇನ್ನೊಂದು ದಿನ ಹೇಳುತ್ತೇನೆ ಎಂದೆ. ಅವಳು ಆ ಲ್ಯಾಪ್‌ಟಾಪನ್ನು ನನ್ನ ಕೈಗೇ ಕೊಟ್ಟು ಹೇಳಿದಳು: "ನಾನು ನೋಡಿದೀನಿ ಅಂದ್ಮೇಲೆ ಈ ಕೀಲಿ ಕೆಟ್ಟ ಹಾಗೇ ಲೆಕ್ಕ. ಇಪ್ಪತ್ತೊಂಬತ್ತಕ್ಕೆ ಬಳಸಿ, ಅವತ್ತೇ ಬದಲಾಯಿಸಿಬಿಡಿ." ಭದ್ರತೆಯವರು ಹೇಳಬೇಕಾದ್ದು ಇದನ್ನೇ. ಅವಳು ಸರಿಯಾದ ಕೆಲಸದಲ್ಲಿದ್ದಾಳೆ.

ಮೇಷ್ಟ್ರಿಗೆ ಫೋನ್ ಮಾಡಿ ಒಂದೇ ಪದ ಹೇಳಿದೆ. "ಥೂ, ನನ್ನ ತಲೆಗಿಷ್ಟು" ಎಂದರು. ಆಮೇಲೆ ಅವರೂ ನಕ್ಕರು. ಎಷ್ಟು ಹೊತ್ತು ನಕ್ಕೆವೋ.

ಮಾರ್ಚ್ ೨೫, ಮಂಗಳವಾರ

ಏಳನೆಯ ಸ್ಲೈಡನ್ನು ಬದಲಾಯಿಸಿ ಯಜಮಾನನಿಗೆ ಕಳಿಸಿದೆ. "ಏಳು ವರ್ಷ. ಒಮ್ಮೆ ಅಳಿಸಿದ್ದೇವೆ. ಯಾಕೆಂದು ಹೇಳುತ್ತೇನೆ." ಎರಡು ನಿಮಿಷದಲ್ಲಿ ಮೇಜಿನ ಹತ್ತಿರ ಇದ್ದ.

"ತಲೆ ಕೆಟ್ಟಿದೆಯಾ ನಿಂಗೆ? ಆರುನೂರು ಜನರ ಮುಂದೆ?"

"ಕೀಲಿ ವಿಷಯಾನೂ ಹೇಳ್ಬೇಕು ನಿಂಗೆ. ಕೂತ್ಕೋ."

ಕೂತ. ಎಲ್ಲ ಕೇಳಿದ. ಹಿಂದೆಲ್ಲ ಕೂಗಾಡುತ್ತಿದ್ದವನು, ಈಗ ಗಾಜಿನ ಕೋಣೆಯವನಾದ ಮೇಲೆ ತಗ್ಗಿದ ದನಿಯಲ್ಲೇ ಸಿಟ್ಟಾಗುತ್ತಾನೆ. "ಹದಿನಾಲ್ಕು ದಿನ ನಂಗೆ ಹೇಳ್ಲಿಲ್ಲ ನೀನು."

"ಹೇಳ್ಲಿಲ್ಲ. ಅದು ನನ್ನ ತಪ್ಪು."

"ಇದನ್ನ ಹೇಳಿದ್ರೆ ನಮ್ಮನ್ನ ನಂಬಿ ಯಾರು ನೆಟ್‌ವರ್ಕಿಗೆ ಸೇರ್ತಾರೆ?"

"ಗೊತ್ತಿಲ್ಲ. ಕಡಿಮೆ ಜನ ಇರಬಹುದು. ಹೊಸದರಲ್ಲಿ ಹಿಂದಕ್ಕೆ ತಿರುಗಿಸೋ ಅಧಿಕಾರಾನೇ ತೆಗೆದಿದೀವಲ್ಲ. ಯಾಕೆ ತೆಗೆದ್ರಿ ಅಂತ ಕೇಳಿದ್ರೆ ಏನು ಹೇಳ್ತೀಯ?"

ಅವನು ಕಿಟಕಿಯಾಚೆ ನೋಡಿದ. "ಮೇಷ್ಟ್ರು ಹೇಗಿದಾರೆ?"

"ಪೂರ್ತಿ ಬಿಳಿ ತಲೆ. ಪ್ಲಾಸ್ಟಿಕ್ ರೋಗಿ ಜೊತೆ ಮಾತಾಡ್ತಾರೆ."

"ನನ್ನ ಕೇಳಿದ್ರಾ?"

ಕೇಳಿರಲಿಲ್ಲ. ಇಲ್ಲ ಎಂದೆ. ಯಜಮಾನ ಎದ್ದ. "ಭಾಷಣ ನಿಂದು. ಏನಾದ್ರೂ ಮಾಡ್ಕೋ" ಎಂದು ಹೊರಟವನು ತಾನಾಗಿ ಮುಚ್ಚಿಕೊಳ್ಳುವ ಗಾಜಿನ ಬಾಗಿಲನ್ನು ಹಳೆಯ ಅಭ್ಯಾಸದಂತೆ ಎತ್ತಿ ತಳ್ಳಿದ.

ಮಾರ್ಚ್ ೨೯, ಶನಿವಾರ

ಹೇಳಿದೆ. ಮೂರು ಸಹಿ ಬಿದ್ದವು. ನನ್ನದು ಕೊನೆಯದು, ಈ ಸಲ ಎಲ್ಲವನ್ನೂ ಓದಿ ಹಾಕಿದೆ. ಆರುನೂರು ಜನ ಕಾದರು.

ಅದಕ್ಕೂ ಮುಂಚೆ, ಏಳನೆಯ ಸ್ಲೈಡು ಬಂದಾಗ, ಮುಂದಿನ ಸಾಲಿನಿಂದ ಇಬ್ಬರು ಎದ್ದು ಹೋದರು. ಒಬ್ಬರು ಕೈ ಎತ್ತಿದರು: "ಮತ್ತೆ ಅಳಿಸಲ್ಲ ಅಂತ ನಿಮ್ಮನ್ನ ಹೇಗೆ ನಂಬೋದು?" ನಂಬಬೇಡಿ ಎಂದೆ. ನಾವು ಒಳ್ಳೆಯವರಾಗಿರಬೇಕಾದ ಅಗತ್ಯವೇ ಇಲ್ಲದ ಹಾಗೆ ಇದನ್ನು ಕಟ್ಟಿದ್ದೇವೆ, ಬಿಚ್ಚಿ ನೋಡಿ, ಎಲ್ಲಾದರೂ ನಾವು ಒಳ್ಳೆಯವರಾಗಿರಬೇಕಾಗಿ ಬಂದರೆ ತೋರಿಸಿ ಎಂದೆ. ಆಮೇಲೆ ನಮ್ಮ ಮೇಜಿನ ಮುಂದೆ ಬಿಚ್ಚಿ ನೋಡುವವರ ಸಾಲು. ಉದ್ದವಲ್ಲ. ಆದರೆ ಕೊನೆಯವರೆಗೂ ಕರಗಲಿಲ್ಲ.

ಮೇಷ್ಟ್ರು ಬರಲಿಲ್ಲ. ಅವರಿಗೆ ಪರೀಕ್ಷೆ ಇತ್ತು. ಗುಬ್ಬಿ ಆ ಕಡೆಯಿಂದ ಪರದೆಯ ತುಂಬ ಅಳುವ ಮುಖಗಳನ್ನು ಕಳಿಸಿದಳು.

ಕಾಲು ನೋಯುತ್ತಿದೆ. ಮಲಗುತ್ತೇನೆ.

ಮಾರ್ಚ್ ೩೧, ಸೋಮವಾರ

ಶನಿವಾರ ಸಂಜೆ ಅದೇ ಮೂರು ಸಹಿಯಿಂದ ನನ್ನ ಕೀಲಿ ರದ್ದಾಗಿ, ಅದರ ಜಾಗಕ್ಕೆ ಯಾಕಮ್ಮನ ಹೊಸ ಕೀಲಿ ಬಂತು. ಅವಳಿಗೇ ಕೊಡೋಣ ಎಂದದ್ದು ನಾನು. ಯಜಮಾನ ಒಪ್ಪಿದ. ಮೇಷ್ಟ್ರ ಕೀಲಿಯನ್ನು ಮುಟ್ಟಿಲ್ಲ. ಅದರ ಎರಡೂ ಅರ್ಧ ಈಗ ಅವರ ಹತ್ತಿರವೇ ಇವೆ. ಯಜಮಾನ ಅವರಿಗೆ ಫೋನ್ ಮಾಡುತ್ತೇನೆ ಎಂದು ನಿನ್ನೆಯಿಂದ ಹೇಳುತ್ತಿದ್ದಾನೆ, ಇನ್ನೂ ಮಾಡಿಲ್ಲ.

ಯಾಕಮ್ಮ ಬಂದು ಮೇಜಿನ ಮೇಲೆ ಮಡಚಿದ ಚೀಟಿ ಇಟ್ಟಳು.

"ಅಕ್ಕಾ, ನನ್ನ ಹನ್ನೆರಡು. ನಿಮ್ಮ ಹತ್ರ ಇರ್ಲಿ."

"ಲಾಕರ್ ಇದೆಯಲ್ಲ?"

"ಇದೆ. ಲಾಕರ್‌ನ ಟೀ ಹೊತ್ತಿಗೆ ಏನಾದ್ರೂ ಕೇಳೋಕಾಗಲ್ವಲ್ಲ."

ನೀರಿನ ಕ್ಯಾನಿನವರು ಬಂದರು. ಈಗ ಎಷ್ಟು ಜನ ಎಂದು ಕೇಳಿದಾಗ ನಾವು ಮೂವತ್ತೊಂಬತ್ತು ಎಂದೆ. ಇವತ್ತು ಸೇರಿದ ಹೊಸ ಹುಡುಗನ ಹೆಸರನ್ನೂ ಹೇಳಿದೆ.

ಚೀಟಿಯನ್ನು ಮೇಷ್ಟ್ರ ಚೀಟಿ ಇದ್ದ ಪುಟದಲ್ಲೇ ಇಟ್ಟೆ. ಅತ್ತೆ ನೋಡಿದರು. "ಮತ್ತೊಂದಾ? ನನ್ನ ನಿಘಂಟನ್ನ ಬೀರು ಮಾಡ್ಬಿಟ್ಟೆ." ಒಳಗೆ ಏನಿದೆ ಎಂದು ಕೇಳಿದರು. ನಾನು ಚೀಟಿ ಬಿಡಿಸಲಿಲ್ಲ. ಮೇಷ್ಟ್ರು ಮಾಡಿದಂತೆ ಕಥೆ ಕಟ್ಟಿಕೊಳ್ಳಬೇಕು ಎನಿಸುತ್ತದೆ, ನಾಳೆ ಬಿಡಿಸುತ್ತೇನೆ.

ನನ್ನ ಕೀಲಿಯಿಂದ ಇನ್ನು ಏನೂ ತೆರೆಯುವುದಿಲ್ಲ. ಆದ್ದರಿಂದ ಅದರ ಕಥೆಯನ್ನು ಈಗ ಬರೆಯಬಹುದು:

ಒಂದು ಮೇಕೆ ಏಣಿ ಹತ್ತಿ ದಂತವೈದ್ಯರ ಹತ್ತಿರ ಹೋಯಿತು. ವೈದ್ಯರು ನಿಂಬೆಹಣ್ಣು ಕೊಟ್ಟರು. ಅದನ್ನು ಅಲ್ಲಿದ್ದ ಆಮೆ ತಿಂದುಬಿಟ್ಟು, ಬೇಜಾರಾಗಿ ಪಿಯಾನೋ ನುಡಿಸುತ್ತ ಕೂತಿತು. ಚಂದ್ರ ಇಳಿದು ಬಂದು ಚಮಚದಿಂದ ತಾಳ ಹಾಕಿದ. ಅಷ್ಟರಲ್ಲಿ ಮಳೆ. ಇದ್ದದ್ದು ಒಂದೇ ಕೊಡೆ, ಎಲ್ಲರೂ ಅದರ ಕೆಳಗೆ ಸೇರಿದರು, ಮುರಿದ ಕಡ್ಡಿಯ ಕಡೆ ಯಾರೆಂದು ಜಗಳವಾಡಿದರು. ಕೊನೆಗೆ ಒಂದೇ ಕಂಬಳಿ ಹೊದ್ದು ರೈಲು ಹತ್ತಿದರು. ರೈಲಿಗೆ ನಗು ತಡೆಯಲಾಗಲಿಲ್ಲ.